ಆತಂಕ, ಉಸಿರು ಮತ್ತು ನಿತ್ಯಾನುಷ್ಠಾನ

॥ ಶ್ರೀಃ ॥



ಕಳೆದ ಬಾರಿಯ ದ್ವಾದಶಿ ಪಾರಣೆಯ ತರುವಾಯ ದ್ವಾರಕಾದಲ್ಲಿ ವಾಸವಾಗಿರುವ ಗೃಹಿಣಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಹೀಗೆ ಕೇಳಿದರು: "ರಾಯರೇ, ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಊರಿನಲ್ಲಿ ಅತ್ತೆಯವರೊಬ್ಬರೇ ಇದ್ದಾರೆ, ಅವರಿಗೇನಾದರೂ ಆಯಿತೇನೋ ಎಂದು ಫೋನು ನೋಡುತ್ತೇನೆ. ದಿನವೂ ದೇವರಿಗೆ ದೀಪ ಹಚ್ಚುವವಳು ನಾನು. ಹೀಗಾಗುತ್ತಿದೆಯೆಂದರೆ ನನ್ನ ಭಕ್ತಿಯಲ್ಲೇ ಕೊರತೆಯಿದೆಯೇ?"

ನಮಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಎರಡು ಸಮಾಧಾನದ ಮಾತುಗಳನ್ನಾಡಿ ಕಳುಹಿಸಿದೆವು. ಆದರೆ ಪ್ರಶ್ನೆ ನಮ್ಮೊಡನೆಯೇ ಮನೆಗೆ ಬಂದಿತು. ಅದು ಅವರೊಬ್ಬರ ಪ್ರಶ್ನೆಯಲ್ಲವೆಂದೂ, ಉಡುಪಿ, ಧಾರವಾಡ, ರಾಯಚೂರುಗಳಿಂದ ಇಷ್ಟು ದೂರ ಬಂದು ನೆಲೆಸಿರುವ ಅನೇಕ ಕುಟುಂಬಗಳ ಪ್ರಶ್ನೆಯೆಂದೂ ತಿಳಿದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಉಡುಪಿಯ ಶ್ರೀಕೃಷ್ಣನ ಪ್ರತಿಮೆಯು ದ್ವಾರಕೆಯಿಂದ ಗೋಪೀಚಂದನದ ಗಡ್ಡೆಯೊಳಗೆ ಅಡಗಿ, ಹಡಗಿನಲ್ಲಿ ಪಶ್ಚಿಮ ಸಮುದ್ರದ ಮಾರ್ಗವಾಗಿ ಬಂದಿತೆಂಬುದು ನಮ್ಮ ಸಂಪ್ರದಾಯ. ಸ್ವಾಮಿಯು ದ್ವಾರಕೆಯಿಂದ ಉಡುಪಿಗೆ ಬಂದನು; ನಾವು ಉಡುಪಿಯ ಕಡೆಯಿಂದ ದ್ವಾರಕೆಯ ಹೆಸರನ್ನು ಹೊತ್ತ ಈ ಉಪನಗರಕ್ಕೆ ಬಂದಿದ್ದೇವೆ. ಒಂದು ಕಾಲಕ್ಕೆ ಪಪ್ಪನ್‌ಕಲಾಂ ಯೋಜನೆಯೆಂದು ಕರೆಯಲ್ಪಡುತ್ತಿದ್ದ ಇದು ಈಗ ಸೆಕ್ಟರುಗಳ, ಸಹಕಾರಿ ವಸತಿ ಸಂಘಗಳ ದೊಡ್ಡ ನಗರ. 2005ರ ಡಿಸೆಂಬರ್ 31ರಂದು ಮೆಟ್ರೋ ರೈಲು ಇಲ್ಲಿಗೆ ಬಂದಿತು. ಅನುಕೂಲಗಳಿಗೆ ಕೊರತೆಯಿಲ್ಲ. ಆದರೂ ವಿಮಾನಗಳು ಹಗಲಿರುಳು ತಲೆಯ ಮೇಲೆ ಇಳಿಯುವ ಈ ಊರಿನಲ್ಲಿ ನಿದ್ರೆ ತೆಳುವಾಗಿದೆ. 2021ರ ಏಪ್ರಿಲ್ ತಿಂಗಳಿನಲ್ಲಿ ದೆಹಲಿಯ ಮನೆಮನೆಗಳಲ್ಲಿ ಆಮ್ಲಜನಕದ ಸಿಲಿಂಡರಿಗಾಗಿ ಪರದಾಡಿದವರಿಗೆ, ಅವೇಳೆಯಲ್ಲಿ ಬಾರಿಸುವ ಫೋನು ಇಂದಿಗೂ ಬರಿಯ ಫೋನಲ್ಲ.

ಆತಂಕವು ಅಶ್ರದ್ಧೆಯಲ್ಲ

ಮೊದಲು ಆ ತಾಯಿಯ ಪ್ರಶ್ನೆಗೇ ಬರೋಣ. ಭಗವದ್ಗೀತೆಯ ಮೊದಲನೆಯ ಅಧ್ಯಾಯದಲ್ಲಿ ಅರ್ಜುನನು ತನ್ನ ಸ್ಥಿತಿಯನ್ನು ತಾನೇ ವಿವರಿಸಿಕೊಳ್ಳುತ್ತಾನೆ. ಅವಯವಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ರೋಮಾಂಚವಾಗುತ್ತಿದೆ, ಗಾಂಡೀವವು ಕೈಯಿಂದ ಜಾರುತ್ತಿದೆ, ಚರ್ಮವು ಉರಿಯುತ್ತಿದೆ, ನಿಲ್ಲಲಾಗುತ್ತಿಲ್ಲ, ಮನಸ್ಸು ಸುತ್ತುತ್ತಿದೆ. ಇಂದಿನ ವೈದ್ಯರು ತೀವ್ರ ಆತಂಕದ ಲಕ್ಷಣಗಳೆಂದು ಬರೆದುಕೊಳ್ಳುವ ಪಟ್ಟಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಹೇಳುತ್ತಿರುವವನು ಅಂಜುಬುರುಕನಲ್ಲ, ಭಗವಂತನ ಸಖನಾದ ಪಾರ್ಥ. ಆತನಿಗೂ ಇದು ಬಂದಿತು.

ಶ್ರೀಕೃಷ್ಣನು ಮಾಡಿದುದನ್ನೂ ಗಮನಿಸಬೇಕು. ಎರಡನೆಯ ಅಧ್ಯಾಯದ ಆರಂಭದಲ್ಲಿ ಎರಡು ಶ್ಲೋಕಗಳಲ್ಲಿ ಗದರಿದನು. ಗದರಿಕೆಯಿಂದ ಅರ್ಜುನನ ನಡುಕ ನಿಲ್ಲಲಿಲ್ಲ. ಯುದ್ಧ ಮಾಡುವುದಿಲ್ಲವೆಂದು ಹೇಳಿ ಆತನು ಸುಮ್ಮನಾದನು. ಆಗ ಸ್ವಾಮಿಯು ಮತ್ತೆ ಗದರಲಿಲ್ಲ. ನಸುನಕ್ಕು ಉಪದೇಶವನ್ನಾರಂಭಿಸಿದನು. ಗದರಿಕೆಗೆ ಎರಡು ಶ್ಲೋಕ, ಉಪದೇಶಕ್ಕೆ ಉಳಿದ ಗೀತೆಯೆಲ್ಲ. ಮನೆಯಲ್ಲಿ ಯಾರಾದರೂ ಆತಂಕಗೊಂಡಾಗ "ಇಷ್ಟಕ್ಕೆಲ್ಲ ಹೆದರುತ್ತಾರೆಯೇ, ದೇವರ ಮೇಲೆ ಭಾರ ಹಾಕು" ಎಂದು ಗದರಿ ಎದ್ದುಹೋಗುವ ನಾವು ಈ ಪ್ರಮಾಣವನ್ನು ನೆನಪಿನಲ್ಲಿಡಬೇಕು.

ದೇಹಕ್ಕೆ ತಿಳಿಯದ ಸಂಗತಿ

ನಾವು ರೈಲ್ವೆ ಇಲಾಖೆಯಲ್ಲಿದ್ದ ಕಾಲದಲ್ಲಿ ಹಾಸಿಗೆಯ ಬಳಿ ಕಂಟ್ರೋಲ್ ಫೋನು ಇರುತ್ತಿತ್ತು. ನಡುರಾತ್ರಿ ಅದು ಬಾರಿಸಿತೆಂದರೆ ಎಲ್ಲೋ ಗಾಡಿ ಹಳಿ ತಪ್ಪಿದೆಯೆಂದೇ ಅರ್ಥ. ನಿವೃತ್ತರಾಗಿ ಆ ಫೋನು ಹೋಯಿತು. ಆದರೆ ಪಕ್ಕದ ಮನೆಯ ಕರೆಗಂಟೆ ಸದ್ದಾದರೂ ನಾವು ಹಾಸಿಗೆಯಿಂದ ಕಾಲು ಕೆಳಗಿಟ್ಟು ಚಪ್ಪಲಿ ಹುಡುಕುತ್ತಿದ್ದ ದಿನಗಳು ಬಹಳ ಕಾಲ ನಡೆದವು. ಬುದ್ಧಿಗೆ ನಿವೃತ್ತಿಯ ಆದೇಶ ತಲುಪಿತ್ತು, ದೇಹಕ್ಕೆ ತಲುಪಿರಲಿಲ್ಲ.

ಇದರ ಕಾರಣವನ್ನು ವೈದ್ಯಶಾಸ್ತ್ರವು ಹೀಗೆ ಹೇಳುತ್ತದೆ. ಅಪಾಯದ ಸುಳಿವು ಸಿಕ್ಕೊಡನೆ, ನಾವು ವಿಚಾರಿಸುವ ಮೊದಲೇ, ಅಡ್ರಿನಲಿನ್ ಎಂಬ ಸ್ರಾವವು ರಕ್ತಕ್ಕೆ ಸೇರುತ್ತದೆ. ಹೃದಯದ ವೇಗ ಹೆಚ್ಚುತ್ತದೆ, ಉಸಿರು ಚಿಕ್ಕದಾಗಿ ಎದೆಯ ಮೇಲ್ಭಾಗಕ್ಕೆ ಸರಿಯುತ್ತದೆ, ಮಾಂಸಖಂಡಗಳು ಬಿಗಿಯುತ್ತವೆ. ಹುಲಿಯಿಂದ ಓಡಬೇಕಾದವನಿಗೆ ಇದು ಉಪಕಾರ. ಹಾಸಿಗೆಯಲ್ಲಿ ಮಲಗಿದವನಿಗೆ ಹಿಂಸೆ. ಹೃದಯಕ್ಕೆ ನಿಧಾನವಾಗೆಂದು ನಾವು ನೇರವಾಗಿ ಆಜ್ಞೆ ಮಾಡಲಾರೆವು. ಆದರೆ ಈ ವ್ಯವಸ್ಥೆಯಲ್ಲಿ ತಾನಾಗಿಯೂ ನಡೆಯುವ, ನಮ್ಮ ಸಂಕಲ್ಪಕ್ಕೂ ಬಗ್ಗುವ ವ್ಯಾಪಾರವೊಂದಿದೆ. ಅದು ಉಸಿರು. ಉಸಿರು ಬಿಡುವುದನ್ನು ದೀರ್ಘಗೊಳಿಸಿದರೆ ಹೃದಯದ ವೇಗವು ತಾನಾಗಿ ಇಳಿಯುತ್ತದೆ.

ಇಪ್ಪತ್ತೊಂದು ಸಾವಿರದ ಆರುನೂರು

ಉಸಿರಿನ ವಿಷಯ ಬಂದೊಡನೆ ಮಾಧ್ವನಿಗೆ ಶ್ರೀಜಗನ್ನಾಥದಾಸರ ಹರಿಕಥಾಮೃತಸಾರದ ಶ್ವಾಸಸಂಧಿ ನೆನಪಾಗಬೇಕು. ಒಂದು ಗಳಿಗೆಗೆ 360ರಂತೆ, ಅರುವತ್ತು ಗಳಿಗೆಯ ಒಂದು ಅಹೋರಾತ್ರಿಗೆ 21,600 ಶ್ವಾಸಜಪಗಳನ್ನು ಭಾರತೀಪತಿಯಾದ ಮುಖ್ಯಪ್ರಾಣದೇವರು ಪ್ರತಿಯೊಂದು ಜೀವನೊಳಗೆ ನಿಂತು ನಡೆಸುತ್ತಾರೆಂಬುದು ಅಲ್ಲಿನ ಪ್ರಮೇಯ. ಲೆಕ್ಕ ಹಾಕಿ ನೋಡಿರಿ. ಒಂದು ಗಳಿಗೆಗೆ 24 ನಿಮಿಷ. 360ನ್ನು 24ರಿಂದ ಭಾಗಿಸಿದರೆ ನಿಮಿಷಕ್ಕೆ 15 ಉಸಿರು. ವಿಶ್ರಾಂತಿಯಲ್ಲಿರುವ ಆರೋಗ್ಯವಂತನು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾನೆಂದು ಇಂದಿನ ವೈದ್ಯರು ಹೇಳುವ ಲೆಕ್ಕದ ನಡುವೆಯೇ ಇದು ಬರುತ್ತದೆ.

ಆದರೆ ಲೆಕ್ಕಕ್ಕಿಂತಲೂ ದೊಡ್ಡದು ಅದರ ಅರ್ಥ. ಆತಂಕದ ಬೇರು ಎಲ್ಲಿದೆ? ಎಲ್ಲವನ್ನೂ ನಾನೇ ನಡೆಸಬೇಕು, ನಾನು ಕಣ್ಣು ಮುಚ್ಚಿದರೆ ಎಲ್ಲವೂ ಕೆಡುತ್ತದೆ ಎಂಬ ಭಾವದಲ್ಲಿದೆ. ತತ್ತ್ವವು ಸ್ವತಂತ್ರ, ಅಸ್ವತಂತ್ರವೆಂದು ಎರಡು ಬಗೆಯೆಂದೂ, ವಿಷ್ಣುವೊಬ್ಬನೇ ಸ್ವತಂತ್ರನೆಂದೂ ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ನಿರ್ಣಯಿಸಿದ್ದಾರೆ. ರಾತ್ರಿ ಎರಡು ಗಂಟೆಗೆ ಊರಿನ ಭಾರವನ್ನೆಲ್ಲ ಹೊರುವ ನಾವು, ಅದೇ ಗಳಿಗೆಯಲ್ಲಿ ನಮ್ಮ ಒಂದು ಉಸಿರಿಗೂ ಒಡೆಯರಲ್ಲ. ಹಾಗೆಂದು ಕೈಕಟ್ಟಿ ಕೂರುವುದು ಸಿದ್ಧಾಂತವಲ್ಲ. ಸ್ಟೇಷನ್ ಮಾಸ್ತರನು ತನ್ನ ಪಾಲಿನ ಲೈನ್ ಕ್ಲಿಯರ್ ಪಡೆದು, ಸಿಗ್ನಲ್ ಕೊಟ್ಟು, ಗಾಡಿಯನ್ನು ಬಿಡುತ್ತಾನೆ. ಅದರ ಹಿಂದೆ ಓಡುವುದಿಲ್ಲ. ಮುಂದಿನ ಸ್ಟೇಷನ್ನಿನಲ್ಲಿಯೂ ಒಬ್ಬನಿದ್ದಾನೆಂದು ಆತನು ಬಲ್ಲನು. ಅತ್ತೆಯವರ ಔಷಧಿಗೆ ಏರ್ಪಾಡು ಮಾಡುವುದು, ನೆರೆಮನೆಯವರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ನಮ್ಮ ಕರ್ತವ್ಯ. ಅದಾದ ಮೇಲೆ ಅಲ್ಲಿಯೂ ಮುಖ್ಯಪ್ರಾಣನು ಉಸಿರು ನಡೆಸುತ್ತಿದ್ದಾನೆ.

ಅಭ್ಯಾಸಕ್ರಮ

ಇನ್ನು ಆಚರಣೆಗೆ ಬರೋಣ. ಇವು ಉಪನಯನವಾದವರು, ಆಗದವರು, ಸ್ತ್ರೀಯರು, ಮಕ್ಕಳು ಎಲ್ಲರೂ ಮಾಡಬಹುದಾದವು.

ಒಂದು, ನಾಮದೊಡನೆ ಉಸಿರು. ಆಸನವು ಅತಿ ಎತ್ತರವೂ ಅತಿ ತಗ್ಗೂ ಆಗದಂತೆ, ಮೈ, ಕತ್ತು, ತಲೆ ನೇರವಾಗಿರುವಂತೆ ಕುಳಿತುಕೊಳ್ಳಬೇಕೆಂದು ಗೀತೆಯ ಆರನೆಯ ಅಧ್ಯಾಯ ಹೇಳುತ್ತದೆ. ಕೆಳಗೆ ಕೂರಲಾಗದವರು ಕುರ್ಚಿಯಲ್ಲಿ ಕೂರಲಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿರಿ. ಬಿಡುವಾಗ ಕೇಶವಾದಿ 24 ನಾಮಗಳಲ್ಲಿ ಒಂದನ್ನು ಮನಸ್ಸಿನಲ್ಲಿ ಸ್ಮರಿಸಿರಿ. ಒಂದು ನಾಮಕ್ಕೆ ಹತ್ತು ಸೆಕೆಂಡು, 24 ನಾಮಗಳಿಗೆ ನಾಲ್ಕೇ ನಿಮಿಷ. ಆಗ ಉಸಿರು ನಿಮಿಷಕ್ಕೆ ಆರಕ್ಕಿಳಿಯುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನಾಗಲಿ ಬೌದ್ಧರ ಮಂತ್ರವನ್ನಾಗಲಿ ಪಠಿಸುವಾಗ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಬರುತ್ತದೆ, ಹೃದಯ ಮತ್ತು ರಕ್ತದೊತ್ತಡಗಳ ಹೊಂದಾಣಿಕೆ ಉತ್ತಮಗೊಳ್ಳುತ್ತದೆ ಎಂದು ಅವರು ಕಂಡರು. ಮನಸ್ಸು ನಡುವೆ ಓಡಿಹೋದರೆ ಬೇಸರಿಸದೆ, ಎಲ್ಲಿಗೆ ಹೋಯಿತೋ ಅಲ್ಲಿಂದ ಮರಳಿ ತರುವುದೇ ಅಭ್ಯಾಸ. ಮನಸ್ಸು ಗಾಳಿಯಂತೆ ಹಿಡಿಯಲು ಕಷ್ಟವೆಂದು ಅರ್ಜುನನು ಹೇಳಿದಾಗ ಭಗವಂತನು ಅದನ್ನು ಅಲ್ಲಗಳೆಯಲಿಲ್ಲವೆಂಬುದನ್ನು ಮರೆಯಬೇಡಿರಿ.

ಎರಡು, ಅಂಗಾಂಗಗಳ ಬಿಗುವನ್ನು ಸಡಿಲಿಸುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಎಂಬವರು 1929ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಧಾನವು ಜಗತ್ತಿಗೆ ಪರಿಚಯವಾಯಿತು. ಮಲಗಿಕೊಂಡು ಪಾದಗಳನ್ನು ಐದು ಸೆಕೆಂಡು ಬಿಗಿಹಿಡಿದು, ಉಸಿರು ಬಿಡುತ್ತಾ ಸಡಿಲಿಸಬೇಕು. ಅನಂತರ ಮೀನಖಂಡ, ತೊಡೆ, ಹೊಟ್ಟೆ, ಎದೆ, ತೋಳು, ಕತ್ತು, ಮುಖ. ಶ್ರೀಮದಾಚಾರ್ಯರ ದ್ವಾದಶಸ್ತೋತ್ರದ ಪ್ರಥಮಾಧ್ಯಾಯವನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು. ಅಲ್ಲಿ ಸ್ವಾಮಿಯ ಪಾದಪೀಠದಿಂದ ಮೊದಲುಗೊಂಡು ನಡು, ಉದರ, ವಕ್ಷಸ್ಥಳ, ಭುಜಗಳು, ಕಂಠ, ಮಂದಸ್ಮಿತ, ಹುಬ್ಬುಗಳವರೆಗೆ ಚಿಂತನೆ ಏರುತ್ತದೆ. ತನ್ನ ಪಾದವನ್ನು ಸಡಿಲಿಸುವಾಗ ಸ್ವಾಮಿಯ ಪಾದವನ್ನು, ತನ್ನ ಎದೆಯನ್ನು ಸಡಿಲಿಸುವಾಗ ಶ್ರೀವತ್ಸಾಂಕಿತವಾದ ಆ ಎದೆಯನ್ನು ನೆನೆಯುವುದು ನಮಗೆ ಬಹಳ ಹಿತವಾಗಿದೆ. ಇದು ಆಚಾರ್ಯರು ನಿದ್ರೆಗಾಗಿ ವಿಧಿಸಿದ್ದೆಂದು ನಾವು ಹೇಳುತ್ತಿಲ್ಲ. ಅನುಭವದಲ್ಲಿ ಕಂಡ ಅನುಕೂಲವನ್ನಷ್ಟೇ ನಿವೇದಿಸುತ್ತಿದ್ದೇವೆ. ಮಂದಸ್ಮಿತಕ್ಕೆ ಬರುವ ಮೊದಲೇ ಎಷ್ಟೋ ರಾತ್ರಿ ನಿದ್ರೆ ಬಂದಿದೆ. ಅದಕ್ಕಾಗಿ ಸ್ವಾಮಿಯು ಮುನಿದಂತೆ ಕಾಣಲಿಲ್ಲ.

ಮೂರು, ಬಾಯಿಬಿಟ್ಟು ಹಾಡುವುದು. ದಾಸರ ಪದವನ್ನು ಹಾಡುವಾಗ ಒಂದೊಂದು ಸಾಲಿಗೂ ಉಸಿರು ದೀರ್ಘವಾಗಿ ಹೊರಹೋಗಲೇಬೇಕು. ಅಕ್ಕಪಕ್ಕದವರೊಡನೆ ಸೇರಿ ಹಾಡಿದರೆ ಒಂಟಿತನವೂ ಕರಗುತ್ತದೆ. ಭಜನೆಗೆ ಬರುವ ತಾಯಂದಿರು ಹಗುರವಾಗಿ ಮನೆಗೆ ಮರಳುವುದಕ್ಕೆ ಭಕ್ತಿಯೊಡನೆ ಈ ಕಾರಣಗಳೂ ಸೇರಿವೆ.

ನಾಲ್ಕು, ಹೊತ್ತಿನ ನಿಯಮ. ಅತಿಯಾಗಿ ಉಣ್ಣುವವನಿಗೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ ನಿದ್ರಿಸದವನಿಗೂ ಯೋಗವಿಲ್ಲವೆಂದು ಗೀತೆ ಹೇಳುತ್ತದೆ. ನಮ್ಮವರ ಕಾಫಿಯ ವಿಷಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಸಂಜೆಯ ಮೇಲೆ ಕುಡಿದ ಡಿಕಾಕ್ಷನ್ ನಡುರಾತ್ರಿಯವರೆಗೂ ರಕ್ತದಲ್ಲಿರುತ್ತದೆ, ಎದೆಬಡಿತವನ್ನು ಹೆಚ್ಚಿಸುತ್ತದೆ. ಫೋನನ್ನು ದೇವರ ಮನೆಯ ಹೊರಗಿಡುವಂತೆ ಮಲಗುವ ಕೋಣೆಯಲ್ಲಿಯೂ ಕೈಗೆಟುಕದ ಕಡೆ ಇಡುವುದು ಲೇಸು. ತುರ್ತು ಕರೆ ಬಂದರೆ ಸದ್ದು ಕೇಳಿಸುತ್ತದೆ.

ಎಚ್ಚರಿಕೆಯ ಮಾತುಗಳೆರಡು. ಹೃದ್ರೋಗ, ರಕ್ತದೊತ್ತಡಗಳಿರುವವರು ಬಹಳ ಹೊತ್ತು ಕುಂಭಕ ಮಾಡಬಾರದು. ಉಸಿರನ್ನು ತಡೆಯದೆ ದೀರ್ಘಗೊಳಿಸಿದರೆ ಸಾಕು. ದೀಪಾವಳಿಯ ಅನಂತರ ದೆಹಲಿಯನ್ನು ಹೊಗೆ ಕವಿದಿರುವ ದಿನಗಳಲ್ಲಿ ಉದ್ಯಾನದಲ್ಲಿ ಕುಳಿತು ದೀರ್ಘಶ್ವಾಸ ಮಾಡುವುದು ಹಿತವಲ್ಲ. ಬಾಗಿಲು ಮುಚ್ಚಿದ ಮನೆಯೊಳಗೇ ಮಾಡಬೇಕು.

ಸಂಧ್ಯಾವಂದನೆಯು ವ್ಯಾಯಾಮವೇ?

ಇಲ್ಲಿ ಒಂದು ಪೂರ್ವಪಕ್ಷ. ತರುಣನೊಬ್ಬನು ನಮ್ಮನ್ನು ಕೇಳಿದನು: "ಉಸಿರಾಟವನ್ನು ಕಲಿಸುವ ಆ್ಯಪ್ ಫೋನಿನಲ್ಲೇ ಇದೆ, ಮಾಮಾ. ಶಾಂತಿಯೇ ಗುರಿಯಾದರೆ ಸಂಧ್ಯಾವಂದನೆ ಏಕೆ?" ಪ್ರಶ್ನೆ ನ್ಯಾಯವಾದುದು. ಶಾಂತಿಯೇ ಗುರಿಯಾದರೆ ಆ ಆ್ಯಪ್ ಸಾಕು. ಅದರಿಂದ ಉಪಕಾರವಾದವರನ್ನು ನಾವು ಹಾಸ್ಯ ಮಾಡಲಾರೆವು. ಆದರೆ ಸಂಧ್ಯಾವಂದನೆಯು ನಿತ್ಯಕರ್ಮ, ಭಗವತ್ಪ್ರೀತಿಗಾಗಿ ಮಾಡತಕ್ಕದ್ದು. ಪ್ರಾಣಾಯಾಮ ಅದರ ಒಂದು ಅಂಗ, ಮನಶ್ಶಾಂತಿ ಆನುಷಂಗಿಕ ಫಲ. ಭತ್ತಕ್ಕೆ ಹಾಯಿಸಿದ ನೀರು ಬದುವಿನ ಹುಲ್ಲನ್ನೂ ಹಸುರಾಗಿಸುತ್ತದೆ. ಹುಲ್ಲಿಗಾಗಿಯೇ ನೀರು ಹಾಯಿಸುವವನು, ಹುಲ್ಲು ಒಣಗಿದ ದಿನ ಕಾಲುವೆಯನ್ನೇ ಮುಚ್ಚುತ್ತಾನೆ. ಶಾಂತಿ ಸಿಗದ ದಿನವೂ ಅರ್ಘ್ಯ ಕೊಡುವವನಿಗೆ ಕಾಲುವೆ ತೆರೆದಿರುತ್ತದೆ. ದೆಹಲಿಯ ಸೂರ್ಯೋದಯ ಜನವರಿಯಲ್ಲಿ 7-15ರ ಸುಮಾರಿಗೆ, ಜೂನ್‌ನಲ್ಲಿ 5-25ರ ಸುಮಾರಿಗೆ. ಋತು ಬದಲಾದಂತೆ ಹೊತ್ತನ್ನು ಹೊಂದಿಸಿಕೊಂಡು ದಿನಕ್ಕೆ ಎರಡು ಸಲ ಕುಳಿತರೂ, ಆ ಎರಡು ಗೂಟಗಳಿಗೆ ಇಡೀ ದಿನವನ್ನು ಕಟ್ಟಬಹುದು.

ಅಭ್ಯಾಸವು ಸಾಲದಾದಾಗ

ಕೊನೆಗೆ ಅತಿಮುಖ್ಯವಾದ ಮಾತು. ಆತಂಕವು ವಾರಗಟ್ಟಲೆ ಬಿಡದೆ ಕಾಡಿದರೆ, ಊಟ ನಿದ್ರೆಗಳು ಕೆಟ್ಟರೆ, ಕೆಲಸಕ್ಕೆ ಹೋಗಲಾಗದಿದ್ದರೆ, ಬದುಕೇ ಬೇಡವೆನಿಸಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಎದೆನೋವು ಬಂದಾಗ ಅದನ್ನು ಆತಂಕವೆಂದು ನಾವೇ ನಿರ್ಣಯಿಸದೆ ಕೂಡಲೇ ತೋರಿಸಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ಉಚಿತ ಸೇವೆಯನ್ನು ಆರಂಭಿಸಿದೆ. ಅದರ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವಾಗ ನಾವು ಭಕ್ತಿಯ ಕೊರತೆಯೆಂದು ಲಜ್ಜೆಪಡುವುದಿಲ್ಲ. ಮನಸ್ಸಿನ ಬೇನೆಗೆ ಮಾತ್ರ ಆ ಲಜ್ಜೆ ಏಕೆ? ವೈದ್ಯನ ಬುದ್ಧಿಯಲ್ಲಿಯೂ ಔಷಧಿಯ ಗುಣದಲ್ಲಿಯೂ ನಿಂತು ನಡೆಸುವವನು ಆ ಧನ್ವಂತರಿಯೇ.

ಆ ತಾಯಿಗೆ ಈ ನಾಲ್ಕು ನಿಮಿಷಗಳ ಅಭ್ಯಾಸವನ್ನು ಹೇಳಿಕೊಟ್ಟೆವು. ಮೊನ್ನೆ ಮತ್ತೆ ಸಿಕ್ಕಾಗ ವಿಚಾರಿಸಿದೆವು. ಎಚ್ಚರವಾಗುವುದು ಪೂರ್ತಿ ನಿಂತಿಲ್ಲವೆಂದರು. "ಆದರೆ ಈಗ ಫೋನು ಹುಡುಕುವುದಿಲ್ಲ, ರಾಯರೇ. ಕೇಶವನಿಂದ ಆರಂಭಿಸುತ್ತೇನೆ. ಕೆಲವು ರಾತ್ರಿ ತ್ರಿವಿಕ್ರಮನವರೆಗೆ, ಕೆಲವು ರಾತ್ರಿ ಕೊನೆಯ ಕೃಷ್ಣನವರೆಗೂ ಹೋಗುತ್ತೇನೆ. ನನ್ನ ತಪ್ಪೆಂದು ಮಾತ್ರ ಈಗ ಅನಿಸುವುದಿಲ್ಲ" ಎಂದರು. ನಮಗೆ ಅಷ್ಟು ಸಾಕೆನಿಸಿತು.

॥ ಭಾರತೀರಮಣಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥