ಈಜುಕೊಳದ ನೀರು ಬಿಸಿ ಮಾಡುವ ಲೆಕ್ಕ

ಹಣ ಪಡೆದು ನಡೆಸುವ ಈಜುಕೊಳಕ್ಕೆ ಯಾವ ಹೀಟರ್ ಹಾಕಬೇಕು? ತಪ್ಪಿ ಆರಿಸಿದರೆ ಬಿಲ್ ಏರುತ್ತದೆ, ಟಿಕೆಟ್ ದರವೂ ಏರುತ್ತದೆ. ಆಗ ಸಾಮಾನ್ಯ ಮನೆಯ ಮಕ್ಕಳೇ ಮೊದಲು ಈಜು ಬಿಡುತ್ತಾರೆ.

25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳದಲ್ಲಿ 3,75,000 ಲೀಟರ್ ನೀರಿರುತ್ತದೆ. ಪ್ರಥಮ ಪಿಯುಸಿಯಲ್ಲಿ ಕಲಿತ ವಿಶಿಷ್ಟ ಉಷ್ಣದಿಂದ ಗುಣಿಸಿ ನೋಡಿ: ಒಂದೇ ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 435 ಯೂನಿಟ್ ಬೇಕು. ಕಾಯಿಲ್ ಹೀಟರ್ ಆದರೆ ಅಷ್ಟೂ ಮೀಟರಿನಲ್ಲಿ ಓಡುತ್ತದೆ. ಹೀಟ್ ಪಂಪ್ ಮಾಡುವುದು ಫ್ರಿಜ್ಜಿನ ಕೆಲಸವನ್ನೇ: ಹೊರಗಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುತ್ತದೆ. ಅದರ ಕಾರ್ಯಗುಣಾಂಕ 5 ಇದ್ದರೆ 87 ಯೂನಿಟ್ ಸಾಕು. ಗಾಳಿ ತಣ್ಣಗಾದಂತೆ ಗುಣಾಂಕ ಇಳಿಯುವುದರಿಂದ, ಬೆಂಗಳೂರಿನ ಡಿಸೆಂಬರಿನಲ್ಲಿ ಅದನ್ನು ನಸುಕಿಗಿಂತ ಮಧ್ಯಾಹ್ನ ಓಡಿಸುವುದು ಜಾಣತನ. ಸೌರ ಫಲಕಕ್ಕೆ ಇಂಧನದ ಖರ್ಚಿಲ್ಲ. ಆದರೆ ಕೊಳದ ಅರ್ಧದಷ್ಟಾದರೂ ಜಾಗ ಬೇಕು, ಮೋಡದ ದಿನ ಕೈಕೊಡುತ್ತದೆ. ಗ್ಯಾಸ್ ಬಾಯ್ಲರ್ ಬೇಗ ಬಿಸಿ ಮಾಡುತ್ತದೆ, ದುಡ್ಡೂ ಬೇಗ ಉರಿಯುತ್ತದೆ.

ನನ್ನ ಮಟ್ಟಿಗೆ ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದದ್ದು ಹೊದಿಕೆ. ತೆರೆದ ಕೊಳದ ಶಾಖ ಹೆಚ್ಚಾಗಿ ಆವಿಯಾಗುವಿಕೆಯಿಂದಲೇ ಹೋಗುತ್ತದೆ. (ಮಸೀದಿಯ ಹೌಝಿನ ನೀರು ತಂಪಾಗಿರುವುದಕ್ಕೂ ಇದು ಒಂದು ಕಾರಣ.) ಈ ಕೊಳದಲ್ಲಿ ನೀರು ಒಂದು ಮಿಲಿಮೀಟರ್ ಇಳಿದರೆ 250 ಲೀಟರ್ ಆವಿ, ಗುಪ್ತೋಷ್ಣದ ಲೆಕ್ಕದಲ್ಲಿ ಸುಮಾರು 170 ಯೂನಿಟ್ ನಷ್ಟ, ಅಂದರೆ 0.4 ಡಿಗ್ರಿ. ರಾತ್ರಿ ಹಾಸುವ ಪ್ಲಾಸ್ಟಿಕ್ ಹೊದಿಕೆ ಇದನ್ನು ಬಹುಪಾಲು ತಡೆಯುತ್ತದೆ. ಸ್ಪರ್ಧೆಗೆ 25ರಿಂದ 28 ಡಿಗ್ರಿ ಸಾಕು. ಪುಟ್ಟ ಮಕ್ಕಳಿಗೆ ಇನ್ನೂ ಬೆಚ್ಚಗಿರಬೇಕು. ಯಾರು, ಯಾವ ಹೊತ್ತಿಗೆ ನೀರಿಗಿಳಿಯುತ್ತಾರೆ ಎಂದು ತಿಳಿದ ಮೇಲೆಯೇ ಯಂತ್ರದ ಗಾತ್ರ ನಿರ್ಧರಿಸಬೇಕು.