ಗಂಟೆಗೆ ಮೂವತ್ತು ರೂಪಾಯಿ

“ಪುಕ್ಕಟೆ ಬಸ್ಸಿರುವಾಗ ದುಡ್ಡು ಕೊಟ್ಟು ಗಾಡಿ ಯಾಕಮ್ಮ ತಗೋಬೇಕು?” ಅಂತ ನಮ್ಮತ್ತೆ ಕೇಳಿದಾಗ ನನ್ನ ಹತ್ತಿರ ತಕ್ಷಣಕ್ಕೆ ಉತ್ತರವಿರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ನನ್ನ ಓಡಾಟದ ಖರ್ಚು ಹೆಚ್ಚುಕಡಿಮೆ ಸೊನ್ನೆಗೆ ಇಳಿದಿತ್ತು. ಸೊನ್ನೆಯಿಂದ ಮೇಲೆ ಹೋಗುವ ಯಾವ ಖರ್ಚಿಗಾದರೂ ಲೆಕ್ಕ ಒಪ್ಪಿಸಲೇಬೇಕು. ಆ ರಾತ್ರಿಯೇ ಮಗನ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ಬರೆಯಲು ಕೂತೆ.

ನಮ್ಮ ಮನೆ ಮೈಸೂರಿನ ಉದಯಗಿರಿಯಲ್ಲಿ. ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ, ಲೆಕ್ಕಪತ್ರ ನೋಡಿಕೊಳ್ಳುವುದು. ನಡುವೆ ಇರುವುದು ಹತ್ತು ಕಿಲೋಮೀಟರು ಅಷ್ಟೇ. ಆದರೆ ಬಸ್ಸಿನಲ್ಲಿ ಮೊದಲು ಸಿಟಿ ಬಸ್ ನಿಲ್ದಾಣಕ್ಕೆ ಹೋಗಿ, ಅಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಮನೆ ಬಾಗಿಲಿನಿಂದ ಆಫೀಸಿನ ಬಾಗಿಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಎರಡನೇ ಬಸ್ ತಪ್ಪಿದ ದಿನ ಆಟೋ, ಅದಕ್ಕೆ ನೂರೈವತ್ತರಿಂದ ನೂರೆಂಬತ್ತು. ತಿಂಗಳಿಗೆ ಆರು ಸಲವಾದರೂ ಹಾಗಾಗುತ್ತಿತ್ತು. ಬಸ್ಸು ಪುಕ್ಕಟೆ ಅಂದುಕೊಂಡಿದ್ದ ನನಗೆ ಆಟೋಗೆ ಹೋಗುತ್ತಿದ್ದ ಸಾವಿರ ರೂಪಾಯಿ ಕಂಡದ್ದು ಆ ಪುಟದಲ್ಲಿ ಬರೆದಾಗಲೇ.

ಲೆಕ್ಕ ಬರೆದಿಡುವುದು ನನಗೆ ಅಪ್ಪನಿಂದ ಬಂದದ್ದು. ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದರು. 1996ರಲ್ಲಿ ಬಾಗಿಲು ಮುಚ್ಚುವವರೆಗೂ ಅಲ್ಲಿ ದುಡಿದರು. ಊರಿಗೆಲ್ಲ ಜಾವಾ, ಯೆಜ್ಡಿ ಬೈಕು ಮಾಡಿಕೊಟ್ಟವರು ತಾವು ಮಾತ್ರ ಕೊನೆಯವರೆಗೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋದರು. “ಗಾಡಿ ಕೊಳ್ಳೋದು ಒಂದು ದಿನದ ಖರ್ಚು, ಇಟ್ಟುಕೊಳ್ಳೋದು ದಿನದಿನದ ಖರ್ಚು” ಅನ್ನುತ್ತಿದ್ದರು.

ಮೊದಲು ಹೋದದ್ದು ಹೊಸ ಗಾಡಿ ನೋಡಲಿಕ್ಕೇ. 2025ರ ಫೆಬ್ರವರಿ. 110 ಸಿಸಿ ಸ್ಕೂಟರಿಗೆ ಎಕ್ಸ್ ಶೋರೂಂ ಬೆಲೆ ಎಂಬತ್ತು ಸಾವಿರದ ಆಸುಪಾಸು ಅಂದರು. ರಸ್ತೆ ತೆರಿಗೆ, ನೋಂದಣಿ, ವಿಮೆ ಎಲ್ಲ ಸೇರಿ ಕೈಗೆ ಬರುವಷ್ಟರಲ್ಲಿ ಲಕ್ಷದ ಹತ್ತಿರ. ಅಲ್ಲಿದ್ದ ಹುಡುಗ ಬಹಳ ವಿನಯದಿಂದ, “ಮೇಡಂ, ಎಂಬತ್ತು ಸಾವಿರ ಸಾಲ, ಬರೀ ಹತ್ತು ಪರ್ಸೆಂಟ್, ಮೂರು ವರ್ಷ ತಿಂಗಳಿಗೆ 2,889 ಕಟ್ಟಿದರಾಯ್ತು” ಅಂದ. ಇಲ್ಲಿ ದಯವಿಟ್ಟು ಒಂದು ನಿಮಿಷ ನಿಲ್ಲಿ. ಆ ಹತ್ತು ಪರ್ಸೆಂಟು ಫ್ಲ್ಯಾಟ್ ಬಡ್ಡಿ. ಮೂರು ವರ್ಷವೂ ಪೂರ್ತಿ ಎಂಬತ್ತು ಸಾವಿರಕ್ಕೇ ಬಡ್ಡಿ ಹಾಕುತ್ತಾರೆ. ನಾವು ಮಾತ್ರ ಪ್ರತಿ ತಿಂಗಳೂ ಅಸಲು ತೀರಿಸುತ್ತ ಬಂದಿರುತ್ತೇವೆ. ವರ್ಷಕ್ಕೆ ಎಂಟು ಸಾವಿರದಂತೆ ಇಪ್ಪತ್ತನಾಲ್ಕು ಸಾವಿರ ಬಡ್ಡಿ. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು 18 ಪರ್ಸೆಂಟಿನ ಹತ್ತಿರ ಬರುತ್ತದೆ. ಸಾಲ ಕೊಡುವವರು ಯಾರೇ ಇರಲಿ, “ಫ್ಲ್ಯಾಟಾ, ರೆಡ್ಯೂಸಿಂಗಾ?” ಅಂತ ಕೇಳಿಯೇ ಸಹಿ ಹಾಕಿ. ನಮ್ಮ ಬೀದಿಯಲ್ಲಿ ಇದನ್ನು ಕೇಳದೆ ಸಹಿ ಹಾಕಿದ ನಾಲ್ಕು ಮನೆ ನನಗೆ ಗೊತ್ತು. ಅವರು ಕಂತಿಗೆ ಪರದಾಡಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

(ಆಮೇಲೆ, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತು. ಈಗ ಹೊಸದು ಕೊಳ್ಳುವವರಿಗೆ ಅಷ್ಟು ಅನುಕೂಲ. ಫ್ಲ್ಯಾಟ್ ಬಡ್ಡಿಯ ಲೆಕ್ಕ ಮಾತ್ರ ಬದಲಾಗಿಲ್ಲ.)

ಎಲೆಕ್ಟ್ರಿಕ್ ಸ್ಕೂಟರಿನ ಆಸೆಯೂ ಇತ್ತು. ನೂರು ಕಿಲೋಮೀಟರಿಗೆ ಮೂರು ಯೂನಿಟ್ ಕರೆಂಟು ಅಂದರೂ ಇಪ್ಪತ್ತು ರೂಪಾಯಿಯೊಳಗೆ ಮುಗಿಯುತ್ತದೆ, ಪೆಟ್ರೋಲಿನಲ್ಲಿ ಅದೇ ದೂರಕ್ಕೆ ಇನ್ನೂರಮೂವತ್ತು. ಆದರೆ ನಾವಿರುವುದು ಬಾಡಿಗೆಗೆ, ಎರಡನೇ ಮಹಡಿಯಲ್ಲಿ. ಕೆಳಗೆ ಗಾಡಿ ನಿಲ್ಲಿಸುವ ಕಡೆ ಪ್ಲಗ್ ಪಾಯಿಂಟ್ ಇಲ್ಲ, ಹಾಕಿಸಲು ಮಾಲೀಕರು ಒಪ್ಪಲಿಲ್ಲ. ಸ್ವಂತ ಮನೆ, ಸ್ವಂತ ಮೀಟರು ಇರುವವರು ಮೊದಲು ಅದನ್ನೇ ನೋಡಬೇಕು.

ಕೊನೆಗೆ ತಗೊಂಡದ್ದು ಐದು ವರ್ಷ ಓಡಿದ್ದ ಸೆಕೆಂಡ್ ಹ್ಯಾಂಡ್ ಗಾಡಿ, ₹38,000. ನೋಡಲು ಹೋಗುವಾಗ ಬೀದಿಯ ತುದಿಯ ಮೆಕ್ಯಾನಿಕ್ ಚಾಚಾರನ್ನು ಕರೆದುಕೊಂಡು ಹೋದೆ. ಅವರಿಗೆ ಕೊಟ್ಟ ಮುನ್ನೂರು ರೂಪಾಯಿ ಆ ತಿಂಗಳ ಅತ್ಯಂತ ಒಳ್ಳೆಯ ಖರ್ಚು.

ಬೆಳಿಗ್ಗೆ ಆರೂವರೆಗೇ ಹೋಗೋಣ ಅಂದದ್ದು ಅವರೇ. “ಮಾರೋರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿರ್ತಾರಮ್ಮ, ಇಂಜಿನ್ ತಣ್ಣಗಿದ್ದಾಗಲೇ ನೋಡಬೇಕು.” ಹೋದವರೇ ಇಂಜಿನ್ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಕಿಕ್ಕರ್ ಎರಡು ಸಲ ಒತ್ತಿದರು, ಸ್ಟಾರ್ಟ್ ಆಯಿತು. ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆಯೊಂದನ್ನು ಹಿಡಿದು ಆಕ್ಸಿಲರೇಟರ್ ತಿರುಗಿಸಿದರು. ಬಟ್ಟೆಗೆ ಎಣ್ಣೆಯ ಜಿಡ್ಡು ಹತ್ತಲಿಲ್ಲ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ಕೋನ್ ಸೆಟ್ ನೋಡಿದರು. ಆಮೇಲೆ ನನ್ನನ್ನು ಬಗ್ಗಿಸಿ ಟೈರಿನ ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕಿ ತೋರಿಸಿದರು: 1420. “2020ನೇ ಇಸವಿ ಹದಿನಾಲ್ಕನೇ ವಾರದ್ದು. ಗುಂಡಿ ಸವೆದಿಲ್ಲ, ಆದರೆ ರಬ್ಬರ್ ಗಟ್ಟಿಯಾಗಿದೆ, ಮಳೆಯಲ್ಲಿ ಜಾರುತ್ತೆ.” ಎರಡು ಟೈರಿನ ಲೆಕ್ಕದಲ್ಲಿ ಮೂರು ಸಾವಿರ ಇಳಿಸಿಕೊಂಡ ಮೇಲೇ ಆ ಮೂವತ್ತೆಂಟು ಸಾವಿರಕ್ಕೆ ಬಂದದ್ದು.

ಗಾಡಿಯನ್ನು ಇಷ್ಟು ಚೆನ್ನಾಗಿ ನೋಡಿದ ನಾನು ಕಾಗದ ನೋಡುವುದರಲ್ಲಿ ಎಡವಿದೆ. ಆರ್‌ಸಿಯಲ್ಲಿ ಸಾಲದ ನಮೂದು ಇಲ್ಲವೆಂದು ನೋಡಿಕೊಂಡಿದ್ದೆ, ಚಾಸಿ ನಂಬರ್ ತಾಳೆ ಹಾಕಿದ್ದೆ, ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡಿದ್ದೆ. ಗಾಡಿ ನಂಬರಿನ ಮೇಲೆ ಸಂಚಾರ ದಂಡ ಬಾಕಿ ಇದೆಯಾ ಅಂತ ಮಾತ್ರ ನೋಡಿರಲಿಲ್ಲ. ದುಡ್ಡು ಕೊಟ್ಟು ಮೂರು ದಿನವಾದ ಮೇಲೆ ನೋಡಿದರೆ ಹೆಲ್ಮೆಟ್ ಇಲ್ಲದ್ದಕ್ಕೆ ಒಂಬತ್ತು ಕೇಸು, ತಲಾ ₹500ರಂತೆ ₹4,500. ಮಾರಿದವರು ಫೋನ್ ಎತ್ತಲಿಲ್ಲ. 2025ರ ಆಗಸ್ಟಿನಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ₹2,250 ಕಟ್ಟಿ ತೀರಿಸಿದೆ. ನಂಬರ್ ಹಾಕಿದರೆ ಮೊಬೈಲಿನಲ್ಲಿ ಎರಡು ನಿಮಿಷದಲ್ಲಿ ಗೊತ್ತಾಗುವ ವಿಷಯ. ಮುಂಗಡ ಕೊಡುವ ಮೊದಲೇ ನೋಡಿ.

ಈಗ ಆ ಪುಟದ ಲೆಕ್ಕ. ದಿನಕ್ಕೆ ಇಪ್ಪತ್ತು ಕಿಲೋಮೀಟರು, ತಿಂಗಳಿಗೆ ಇಪ್ಪತ್ತೈದು ದಿನ, ಒಟ್ಟು ಐನೂರು. ನನ್ನ ಗಾಡಿ ಲೀಟರಿಗೆ 45 ಕೊಡುತ್ತದೆ, ಪೆಟ್ರೋಲು ನೂರು ದಾಟಿದೆ. ಅಲ್ಲಿಗೆ ₹1,150. ಸರ್ವಿಸು, ಆಯಿಲ್ಲಿಗೆ ತಿಂಗಳಿಗೆ ₹300. ಈ ಗಾತ್ರದ ಗಾಡಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ ₹714, ಜಿಎಸ್‌ಟಿ ಸೇರಿ ₹843. ಮಾಲೀಕರ ಅಪಘಾತ ವಿಮೆಯೂ ಸೇರಿದರೆ ತಿಂಗಳಿಗೆ ನೂರು ಅಂತಿಟ್ಟುಕೊಳ್ಳಿ. ಟೈರು, ಬ್ಯಾಟರಿ, ಬೆಲ್ಟು ಒಂದೇ ತಿಂಗಳಲ್ಲಿ ಕೈಕೊಡುವುದುಂಟು, ಅದಕ್ಕೆಂದೇ ₹300 ತೆಗೆದಿಡುತ್ತೇನೆ. ಐದು ವರ್ಷದ ಮೇಲೆ ಹದಿನಾಲ್ಕು ಸಾವಿರಕ್ಕೆ ಮಾರಿದೆ ಅಂದುಕೊಂಡರೆ ಸವಕಳಿ ತಿಂಗಳಿಗೆ ₹400. ಎಲ್ಲ ಕೂಡಿದರೆ ₹2,250, ಕಿಲೋಮೀಟರಿಗೆ ನಾಲ್ಕೂವರೆ ರೂಪಾಯಿ. “ಮೈಲೇಜ್ ಎಷ್ಟು ಕೊಡುತ್ತೆ?” ಅಂತ ಎಲ್ಲರೂ ಕೇಳುತ್ತಾರೆ. ಆದರೆ ಪೆಟ್ರೋಲು ಈ ಖರ್ಚಿನಲ್ಲಿ ಅರ್ಧ ಮಾತ್ರ.

ತಪ್ಪಿದ ಆಟೋ ಖರ್ಚು ಸಾವಿರ ಕಳೆದರೆ ಹೆಚ್ಚುವರಿ ₹1,250. ಫೌಂಟನ್ ಸರ್ಕಲ್, ಹೈವೇ ಸರ್ಕಲ್, ಮೇಟಗಳ್ಳಿ ದಾಟಿ ಈಗ ಅರ್ಧ ಗಂಟೆಯಲ್ಲಿ ಆಫೀಸಿನಲ್ಲಿರುತ್ತೇನೆ. ಹೋಗುವಾಗ ಐವತ್ತು ನಿಮಿಷ, ಬರುವಾಗ ಐವತ್ತು ನಿಮಿಷ, ತಿಂಗಳಿಗೆ ನಲವತ್ತೊಂದು ಗಂಟೆಗೂ ಮೇಲೆ ಉಳಿಯಿತು. ಒಂದೊಂದು ಗಂಟೆಯನ್ನೂ ಮೂವತ್ತು ರೂಪಾಯಿಗೆ ಕೊಂಡುಕೊಂಡ ಹಾಗೆ. ಅತ್ತೆಗೆ ನಾನು ಕೊಟ್ಟ ಉತ್ತರ ಇದೇ. ಆ ಗಂಟೆಗಳಲ್ಲಿ ಹತ್ತನ್ನು ಅಶೋಕ ರಸ್ತೆಯ ಎರಡು ಅಂಗಡಿಗಳ ಜಿಎಸ್‌ಟಿ ರಿಟರ್ನ್ ಕೆಲಸಕ್ಕೆ ಕೊಟ್ಟೆ. ಅದರಿಂದ ತಿಂಗಳಿಗೆ ಮೂರು ಸಾವಿರ ಬರುತ್ತದೆ. ಉಳಿದವು ಮಗನ ಜೊತೆ, ಮತ್ತೆ ಒಂದಿಷ್ಟು ನಿದ್ದೆಗೆ.

ಲೆಕ್ಕದಲ್ಲಿ ಹೆಲ್ಮೆಟ್ ಸೇರಿಸಿಲ್ಲ, ಯಾಕೆಂದರೆ ಅದನ್ನು ಗಾಡಿಗಿಂತ ಮೊದಲೇ ಕೊಂಡಿದ್ದೆ. ಐಎಸ್‌ಐ ಮುದ್ರೆಯ ಎರಡು, ಒಂದು ಹಿಂದೆ ಕೂರುವವರಿಗೆ. ಇನ್ನೊಂದು ಮಾತನ್ನು ಉದಯಗಿರಿ, ರಾಜೀವನಗರ, ಶಾಂತಿನಗರದ ಅಪ್ಪ ಅಮ್ಮಂದಿರಿಗೆ ಕೈಮುಗಿದು ಹೇಳುತ್ತೇನೆ. ಹದಿನಾಲ್ಕು, ಹದಿನೈದರ ಹುಡುಗರು ಮೂವರು ಕೂತು ಹೋಗುವುದನ್ನು ದಿನಾ ನೋಡುತ್ತೇನೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೆತ್ತವರಿಗೆ ಅಥವಾ ಮಾಲೀಕರಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ದಂಡವಾದರೂ ಕಟ್ಟಿಬಿಡಬಹುದು. ಮಗುವಿಗೆ ಏನಾದರೂ ಆದರೆ? ನನ್ನ ಮಗನಿಗೆ ಹದಿಮೂರು. ಗಾಡಿಯ ಕೀಲಿ ರಾತ್ರಿ ನನ್ನ ದಿಂಬಿನ ಕೆಳಗಿರುತ್ತದೆ.

ನಾನು ಗಾಡಿ ತಗೊಂಡ ಮೇಲೆ ಕೆಳಗಿನ ಮನೆಯವರೂ ಸಾಲ ಮಾಡಿ ಒಂದು ತಗೊಳ್ಳಲು ಹೊರಟರು. ಅವರಿಗೆ ದೇವರಾಜ ಮಾರುಕಟ್ಟೆ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಅದೇ ಪುಟದಲ್ಲಿ ಅವರ ಲೆಕ್ಕವನ್ನೂ ಬರೆದೆವು. ಒಂದೇ ಬಸ್ಸು, ಟಿಕೆಟ್ ಇಲ್ಲ, ಅಂಗಡಿ ತೆರೆಯುವುದು ಹತ್ತೂವರೆಗೆ, ಉಳಿಯುವುದು ದಿನಕ್ಕೆ ಇಪ್ಪತ್ತು ನಿಮಿಷ. ಬೇಡ ಅಂದೆ. ಕಂತು ಕಟ್ಟಲು ಹೊಂದಿಸಿಕೊಂಡಿದ್ದ ಎರಡು ಸಾವಿರವನ್ನು ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸಿದರು. ಮೊನ್ನೆ ಬೆಳಿಗ್ಗೆ ಸ್ಟಾಪಿನಲ್ಲಿ ನಿಂತಿದ್ದರು, ಹತ್ತಿಸಿಕೊಳ್ಳೋಣ ಅಂತ ಗಾಡಿ ನಿಧಾನ ಮಾಡಿದೆ. “ನೀವು ಹೋಗಿ ಅಕ್ಕ, ನನ್ನ ಬಸ್ಸು ಅಲ್ಲೇ ಬರ್ತಾ ಇದೆ” ಅಂದರು.