ಕ್ಯಾಮೆರಾದ ಹಿಂದೆ ಬರುವ ದಿಬ್ಬಣ

ಕ್ಯಾಮೆರಾ ಎಷ್ಟಾಯಿತು ಅಂತ ಕೇಳುವವರಿಗೆ ನಾನು ಬರೀ ಬಾಡಿಯ ಬೆಲೆ ಹೇಳುವುದನ್ನು ಬಿಟ್ಟಿದ್ದೇನೆ. ಅದು ಮದುಮಗ ಮಾತ್ರ. ದಿಬ್ಬಣದ ಊಟದ ಲೆಕ್ಕ ಬೇರೆ.

ನನ್ನ ಮೊದಲ ಡಿಎಸ್‌ಎಲ್‌ಆರ್ ನಿಕಾನ್ ಡಿ40. 2006ರ ಕೊನೆಗೆ ಮಾರುಕಟ್ಟೆಗೆ ಬಂದಾಗ ಲೆನ್ಸ್ ಸೇರಿ 599 ಡಾಲರ್. ಆರೇ ಮೆಗಾಪಿಕ್ಸೆಲ್. ಒಂದೊಂದು ರಾ (ಸಂಸ್ಕರಿಸದ) ಫೈಲೂ ಐದಾರು ಎಂಬಿ. ಅಟ್ಲಾಂಟಾ ಬಳಿಯ ಡುಲುತ್‌ನ ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್ ಗೊಣಗದೆ ತೆರೆಯುತ್ತಿತ್ತು. ಆದರೆ ಆ ಬಾಡಿಯೊಳಗೆ ಫೋಕಸ್ ಮೋಟಾರಿಲ್ಲ. ಅಗ್ಗದ 50 ಎಂಎಂ ಎಫ್/1.8ಡಿ ಲೆನ್ಸ್ ಹಾಕಿದರೆ ರಿಂಗನ್ನು ಕೈಯಲ್ಲೇ ತಿರುಗಿಸಿ, ವ್ಯೂಫೈಂಡರಿನ ಮೂಲೆಯಲ್ಲಿ ಹಸಿರು ಚುಕ್ಕೆ ಬಿದ್ದಾಗ ಕ್ಲಿಕ್ಕಿಸಬೇಕು. ಇಲ್ಲಿನ ನೃಪತುಂಗ ಕನ್ನಡ ಕೂಟದ ವೇದಿಕೆಯಲ್ಲಿ ಕುಣಿಯುವ ಮಕ್ಕಳು ಚುಕ್ಕೆ ಬೀಳಲಿ ಅಂತ ಕಾಯುತ್ತಾರೆಯೇ?

ಹಾಗೆ ಬಂದದ್ದು ಮೋಟಾರಿದ್ದ ಡಿ7000. 2012ರಲ್ಲಿ ಅಟ್ಲಾಂಟಾದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ದ ವಿಶ್ವ ಕನ್ನಡ ಸಮ್ಮೇಳನ ನಡೆದಾಗ ಕುತ್ತಿಗೆಯಲ್ಲಿ ತೂಗುತ್ತಿದ್ದುದು ಅದೇ. ಮುಂದೆ ಡಿ750 ಬೇಕೆನಿಸಿತು. ಆಗ ಹೊಸದರ ಬೆಲೆ 2,300 ಡಾಲರ್ ಹತ್ತಿರ. ಇಲ್ಲೇ ಹತ್ತಿರದ ಸ್ಮಿರ್ನಾದಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಗಳನ್ನು ಮಾರುವ ಕೆಇಎಚ್ ಇರುವಾಗ ಅಷ್ಟು ಕೊಡುವುದೇಕೆ? ಅಲ್ಲಿಂದ ತೆಗೆದುಕೊಂಡೆ. ಬಾಡಿಯಲ್ಲಿ ಉಳಿಸಿದ್ದು ಫೈಲ್‌ನಲ್ಲಿ ಹೋಯಿತು ಅನ್ನಿ. ಒಂದೊಂದು ರಾ ಸುಮಾರು 30 ಎಂಬಿ. ಸಾವಿರ ಚಿತ್ರಕ್ಕೆ 30 ಜಿಬಿ, ಅದರ ಬ್ಯಾಕಪ್‌ಗೆ ಇನ್ನೊಂದು 30. ಕಂಪ್ಯೂಟರ್ ಬದಲಾಯಿತು, ಮೇಜಿನ ಮೇಲೆ ಡಿಸ್ಕುಗಳ ಸಾಲು ಬೆಳೆಯಿತು.

ಇದೆಲ್ಲಕ್ಕಿಂತ ಸದ್ದಿಲ್ಲದೆ ಜೇಬು ಖಾಲಿ ಮಾಡುವುದು ಚಂದಾ. ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್ 6 ಬಂದಾಗ, 2015ರಲ್ಲಿ, 149 ಡಾಲರ್ ಒಮ್ಮೆ ಕೊಟ್ಟರೆ ಮುಗಿಯುತ್ತಿತ್ತು. ಆಮೇಲಿನದೆಲ್ಲ ಚಂದಾದ ಮೇಲೆಯೇ. ತಿಂಗಳಿಗೆ 9.99 ಡಾಲರ್, ಎರಡು ಕಾಫಿಯ ದುಡ್ಡು ಅಂದುಕೊಳ್ಳುತ್ತಿದ್ದೆವು. ಹತ್ತು ವರ್ಷಕ್ಕೆ ಗುಣಿಸಿ: 1,198.80. ಡಿ7000 ಬಾಡಿ ಬಿಡುಗಡೆಯಾದಾಗಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ! ಬಾಡಿಯನ್ನಾದರೂ ಮಾರಬಹುದು. ಆ 9.99ರ ದರವೂ 2025ರ ಜನವರಿಯಿಂದ ಹೊಸ ಗ್ರಾಹಕರಿಗಿಲ್ಲ. ಈಗಷ್ಟೇ ಶುರುಮಾಡುವವರು ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು.

ಮಿರರ್‌ಲೆಸ್‌ಗೆ ಹೋಗಿ ಅಂತ ಗೆಳೆಯರ ಒತ್ತಾಯ. ಹಳೇ ಲೆನ್ಸುಗಳನ್ನು ಅದಕ್ಕೆ ಕೂರಿಸುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಮೋಟಾರಿಲ್ಲವಾದ್ದರಿಂದ ಸ್ವಂತ ಮೋಟಾರಿಲ್ಲದ ನನ್ನ ಹಳೇ ಲೆನ್ಸುಗಳೆಲ್ಲ ಮತ್ತೆ ಕೈಫೋಕಸ್ಸೇ. ಬಾಡಿಯ ಜೊತೆ ಲೆನ್ಸುಗಳನ್ನೂ ಬದಲಿಸುವ ಲೆಕ್ಕ ಬರೆದ ಮೇಲೆ ಸುಮ್ಮನಿದ್ದೇನೆ.

ಈ ಖರ್ಚಿಗೆ ಆದೀತು ಅಂತ, ಮಕ್ಕಳ ಅರಂಗೇಟ್ರಂಗಳ (ನೃತ್ಯ ರಂಗಪ್ರವೇಶಗಳ) ಚಿತ್ರ ತೆಗೆಯಲು ಕರೆದು, ಕೊನೆಗೆ ದುಡ್ಡಿನ ಲಕೋಟೆ ಕೊಡಲು ಬರುವವರಿದ್ದಾರೆ. ಅಮೆರಿಕದಲ್ಲಿ ಹವ್ಯಾಸದ ಸಂಪಾದನೆಗೆ ತೆರಿಗೆ ಉಂಟು, ಆದರೆ 2018ರಿಂದ ಅದರ ಖರ್ಚನ್ನು ಕಳೆಯುವಂತಿಲ್ಲ. ವ್ಯಾಪಾರ ಅಂತ ತೋರಿಸಿದರೆ ಮನೆಯ ವಿಮೆ ಸಾಮಾನ್ಯವಾಗಿ ಕ್ಯಾಮೆರಾದ ಕೈಬಿಡುತ್ತದೆ. ಆದ್ದರಿಂದ ಲಕೋಟೆ ಬೇಡ, ಒಂದು ಹಾರ್ಡ್ ಡಿಸ್ಕ್ ತನ್ನಿ, ನಿಮ್ಮ ಮಗಳ ಚಿತ್ರಗಳನ್ನು ಅದಕ್ಕೇ ಹಾಕಿಕೊಡುತ್ತೇನೆ ಅನ್ನುತ್ತೇನೆ.